ಓದುಗರ ಪ್ರಶ್ನೆ: ವೇರಿಯಬಲ್‌ಗೆ ಕಳಿಸಿದ ಬೆಲೆ ಸೊನ್ನೆಯಾಗುವುದೇಕೆ?

ಪ್ರಶ್ನೆ: ನೆಟ್‌ವರ್ಕ್ ಅನಲೈಸರ್‌ನ (ಸರ್ಕ್ಯೂಟ್‌ಗಳಲ್ಲಿ ಸಿಗ್ನಲ್ ಸಾಗುವ ಬಗೆ ಅಳೆಯುವ ಉಪಕರಣ) ಒಳಗೇ ಓಡುವ ಇನ್‌ಸ್ಟ್ರುಮೆಂಟ್ ಬೇಸಿಕ್ (ಅಳತೆ ಉಪಕರಣಗಳಿಗಾಗಿ ಮಾಡಿದ ಬೇಸಿಕ್ ಭಾಷೆ) ಪ್ರೋಗ್ರಾಂ ಒಂದಿದೆ. ಅದರ ‘ಲಿಮಿಟ್’ ವೇರಿಯಬಲ್‌ಗೆ ಜಿಪಿಐಬಿ (ಕಂಪ್ಯೂಟರಿಗೂ ಉಪಕರಣಕ್ಕೂ ನಡುವಿನ ಕೇಬಲ್ ಸಂಪರ್ಕ) ಮೂಲಕ –16 ಕಳಿಸಿ ರನ್ ಕೊಟ್ಟರೂ ಪ್ರೋಗ್ರಾಂ 0 ಇಟ್ಟುಕೊಂಡೇ ಲೆಕ್ಕ ಮಾಡುತ್ತದೆ. ಕೆಲವೊಮ್ಮೆ –284 ಎರರ್ ಬರುತ್ತದೆ. ಯಾಕೆ?

ಉತ್ತರ: –16 ಸರಿಯಾಗಿಯೇ ತಲುಪಿದೆ, ಅಳಿಸಿದ್ದು ನೀವು ಕೊಟ್ಟ ರನ್. ಈ ಬೇಸಿಕ್ ಮೊದಲ ಸಾಲಿಗೆ ಕೈಹಾಕುವ ಮುಂಚೆಯೇ, ಕಾಮ್ (COM, ಹಂಚಿಕೆಯ ವೇರಿಯಬಲ್) ಎಂದು ಘೋಷಿಸಿದವನ್ನು ಬಿಟ್ಟು ಉಳಿದ ಸಂಖ್ಯಾ ವೇರಿಯಬಲ್‌ಗಳನ್ನೆಲ್ಲ ಸೊನ್ನೆ ಮಾಡುತ್ತದೆ. ಆದ್ದರಿಂದ ಬೆಲೆ ಕೊಡಬೇಕಾದದ್ದು ರನ್ ಆದ ಮೇಲೆ. ಆದರೆ ಓಡುತ್ತಿರುವ ಪ್ರೋಗ್ರಾಂನ ವೇರಿಯಬಲ್ ಮುಟ್ಟಲು ಬಿಡುವುದಿಲ್ಲ. –284 ಅಂದರೆ ಅದೇ: ‘ಪ್ರೋಗ್ರಾಂ ಓಡುತ್ತಿದೆ’.

ದಾರಿ ಸರಳ. ಘೋಷಣೆಗಳು ಮುಗಿದ ಕೂಡಲೇ ಪ್ರೋಗ್ರಾಂನಲ್ಲಿ ಒಂದು ಪಾಸ್ (PAUSE, ಪ್ರೋಗ್ರಾಂ ಅನ್ನು ಅಲ್ಲೇ ತಡೆದಿಡುವ ಆದೇಶ) ಸಾಲು ಹಾಕಿ. ಕಂಪ್ಯೂಟರಿನಿಂದ ‘ಪ್ರೋಗ್:ಸ್ಟೇಟ್ ರನ್’ ಕಳಿಸಿ, ‘ಪ್ರೋಗ್:ಸ್ಟೇಟ್?’ಗೆ ಪಾಸ್ ಎಂಬ ಉತ್ತರ ಬರುವ ತನಕ ಕೇಳುತ್ತಿರಿ. ಬಂದ ಮೇಲೆ ‘ಪ್ರೋಗ್:ನಂಬ್’ (PROG:NUMB) ಆದೇಶದಲ್ಲಿ ವೇರಿಯಬಲ್ ಹೆಸರನ್ನು ಉದ್ಧರಣ ಚಿಹ್ನೆಯೊಳಗಿಟ್ಟು, ಅಲ್ಪವಿರಾಮ ಹಾಕಿ –16 ಬರೆಯಿರಿ. ಅದೇ ಆದೇಶವನ್ನು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಕಳಿಸಿ, ಬೆಲೆ ಕೂತಿದೆಯೇ ಎಂದು ಓದಿ ನೋಡಿ. ಆಮೇಲೆ ಕೊಡಬೇಕಾದದ್ದು ಕಂಟಿನ್ಯೂ. ಇಲ್ಲಿ ಅಭ್ಯಾಸಬಲದಿಂದ ಮತ್ತೆ ರನ್ ಕೊಟ್ಟರೆ ಮಾಡಿದ್ದೆಲ್ಲ ನೀರುಪಾಲು.

ಫಲಿತಾಂಶ ಓದಲೂ ಇದೇ ಉಪಾಯ: ಅಳತೆ ಮುಗಿಯುವಲ್ಲಿ ಇನ್ನೊಂದು ಪಾಸ್. ‘ಪ್ರೋಗ್:ವೇಟ್?’ ಕೂಡ ಇದೆ, ಆದರೆ ಪ್ರೋಗ್ರಾಂ ನಿಲ್ಲುವ ತನಕ ಅದು ಉತ್ತರ ಕೊಡುವುದಿಲ್ಲ. ವೀಸಾ ಲೈಬ್ರರಿಗಳ (ಉಪಕರಣದೊಡನೆ ಮಾತಾಡಲು ಕಂಪ್ಯೂಟರಿನಲ್ಲಿರುವ ತಂತ್ರಾಂಶ) ಟೈಮ್‌ಔಟ್, ಅಂದರೆ ಉತ್ತರಕ್ಕೆ ಕಾಯುವ ಮಿತಿ, ಸಾಮಾನ್ಯವಾಗಿ 2,000 ಮಿಲಿಸೆಕೆಂಡು. ಅಳತೆಗೆ 30 ಸೆಕೆಂಡು ಹಿಡಿದರೆ ಮಧ್ಯದಲ್ಲೇ ಕೈಕೊಡುತ್ತದೆ. ಉತ್ತರ ಓದದೆ ಹೊಸ ಆದೇಶ ಕಳಿಸಿದರೆ –410 ಎರರ್ (ಉತ್ತರ ಪೂರ್ತಿ ಓದುವ ಮುಂಚೆಯೇ ಅಡ್ಡಿಯಾಯಿತು) ಕೂಡ ಸೇರಿಕೊಳ್ಳಬಹುದು. ಉದ್ದದ ಅಳತೆಗಳಿಗೆ ಸ್ಟೇಟ್ ಕೇಳುವುದೇ ಮೇಲು. –283 ಬಂದರೆ ವೇರಿಯಬಲ್ ಹೆಸರು ಅದಕ್ಕೆ ಸಿಕ್ಕಿಲ್ಲ ಎಂದರ್ಥ, ಕಾಗುಣಿತ ನೋಡಿ. ಎರರ್‌ಗಳು ಸರದಿಯಲ್ಲಿ ಕೂತಿರುತ್ತವೆ, ‘ಸಿಸ್ಟ್:ಎರ್?’ಗೆ 0 ಬರುವ ತನಕ ಓದಿ. ಇಲ್ಲವಾದರೆ ಬೆಳಗಿನ ತಪ್ಪನ್ನು ಸಂಜೆಯ ಆದೇಶದ ತಲೆಗೆ ಕಟ್ಟುತ್ತೀರಿ.

ಪ್ರಶ್ನೆ: 201 ಬಿಂದುಗಳ ಟ್ರೇಸನ್ನು (ಅಳತೆಯ ರೇಖೆ) 64 ಬಿಟ್ ರಿಯಲ್ ರೂಪದಲ್ಲಿ (ಪ್ರತಿ ಸಂಖ್ಯೆಗೆ 8 ಬೈಟ್) ತರಿಸಿದರೆ ಅರ್ಥವಿಲ್ಲದ ಅಂಕಿಗಳು. ಕೆಲವು ಸಲ ಅರ್ಧಕ್ಕೇ ನಿಲ್ಲುತ್ತದೆ.

ಉತ್ತರ: ಎರಡೂ ಬೇರೆ ಬೇರೆ ರೋಗ. ಅಂಕಿ ಕೆಟ್ಟಿರುವುದು ಬೈಟ್‌ಗಳ ಕ್ರಮದಿಂದ. ಎಸ್‌ಸಿಪಿಐನ (ಈ ಆದೇಶಗಳ ಪ್ರಮಾಣಿತ ಭಾಷೆ) ‘ನಾರ್ಮಲ್’ ಕ್ರಮದಲ್ಲಿ ದೊಡ್ಡ ಸ್ಥಾನದ ಬೈಟ್ ಮೊದಲು, ಇಂಟೆಲ್ ಕಂಪ್ಯೂಟರಿಗೆ ಚಿಕ್ಕ ಸ್ಥಾನದ್ದು ಮೊದಲು ಬೇಕು. ‘ಫಾರ್ಮ್:ಬೋರ್ಡ್ ಸ್ವಾಪ್’ (FORM:BORD SWAP) ಕೊಡಿ. ಅರ್ಧಕ್ಕೆ ನಿಲ್ಲುವುದಕ್ಕೆ ಕಾರಣ, ಹೊಸಸಾಲಿನ ಗುರುತು ಕಂಡೊಡನೆ ಓದು ಮುಗಿಸುವ ಸೆಟ್ಟಿಂಗ್. ಬೈನರಿ ದತ್ತಾಂಶದೊಳಗೂ ಆ ಗುರುತಿನ ಬೈಟ್, ಅಂದರೆ 10, ಬರಬಹುದು. ಅದನ್ನು ಆಫ್ ಮಾಡಿ, ತಲೆಬರಹ ನೋಡಿ ಎಣಿಸಿ ಓದಿ: #41608 ಎಂದಿದ್ದರೆ ಮೊದಲ 4, ಉದ್ದವನ್ನು 4 ಅಂಕಿಗಳಲ್ಲಿ ಬರೆದಿದೆ ಎನ್ನುತ್ತದೆ, ಮುಂದೆ 1,608 ಬೈಟ್, ಅಂದರೆ 201 × 8. ಕೊನೆಯಲ್ಲಿ ಉಳಿಯುವ ಹೊಸಸಾಲಿನ ಬೈಟನ್ನೂ ಓದಿ ಎಸೆಯಿರಿ, ಮುಂದಿನ ಉತ್ತರಕ್ಕೆ ಅಂಟಿಕೊಳ್ಳದಿರಲಿ.