ಇಪ್ಪತ್ತೆಂಟಕ್ಕೇ ಮುದುಕನಾ?

ಪತ್ರ (2025ರ ಆಗಸ್ಟ್): ಹೋದ ಸಂಚಿಕೆಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಫಿಲಡೆಲ್ಫಿಯಾ ಈಗಲ್ಸ್ ತಂಡದಲ್ಲಿ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗಳ ಬಗ್ಗೆ ನೀವು ಬರೆದದ್ದನ್ನು ಓದಿದೆ. ಮುಕ್ಕಾಲು ಪಾಲು ಸೇಕ್ವಾನ್ ಬಾರ್ಕ್ಲಿಯ ಗುಣಗಾನ. ಅವನಿಗೆ 28 ವರ್ಷ. 2024ರ ಸೀಸನ್‌ನಲ್ಲಿ ಪ್ಲೇಆಫ್ ಸೇರಿ 436 ಸಲ ಚೆಂಡು ಹಿಡಿದು ಓಡಿದ್ದಾನೆ. ಅಷ್ಟು ಓಡಿದವರು ಮರುವರ್ಷ ಕುಸಿಯುತ್ತಾರೆ. ಡಿಮಾರ್ಕೊ ಮರ್ರಿಯನ್ನು ನೆನೆಸಿಕೊಳ್ಳಿ. ಅಂಥವನಿಗೆ ಇನ್ನೆರಡು ವರ್ಷಕ್ಕೆ 4.12 ಕೋಟಿ ಡಾಲರ್ ಕೊಟ್ಟದ್ದು ದಂಡ. ಹುಡುಗ ವಿಲ್ ಶಿಪ್ಲಿಗೆ ಎರಡೇ ಸಾಲು ಯಾಕೆ?
– ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಶಿಪ್ಲಿ ವಿಷಯದಲ್ಲಿ ನಿಮ್ಮ ಮಾತು ಸರಿ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2024ರ ನಾಲ್ಕನೇ ಸುತ್ತಿನಲ್ಲಿ ಬಂದ ಹುಡುಗ. ಫೈನಲ್ ಆದ ಸೂಪರ್ ಬೌಲ್‌ಗೆ ಮುಂಚಿನ ವಾಷಿಂಗ್ಟನ್ ಎದುರಿನ ಪಂದ್ಯದಲ್ಲಿ ಟಚ್‌ಡೌನ್ ಕೂಡ ಹೊಡೆದ. ಕೆನೆತ್ ಗೇನ್‌ವೆಲ್ ಪಿಟ್ಸ್‌ಬರ್ಗ್‌ಗೆ ಹೋದ ಮೇಲೆ ಇವನಿಗೆ ಕೆಲಸ ಜಾಸ್ತಿ ಸಿಗಬೇಕು. ಗ್ರೀನ್ ಬೇಯಿಂದ ಬಂದ ಎ.ಜೆ. ಡಿಲನ್ 110 ಕಿಲೋ ತೂಗುವ ಆಳು. ಕುತ್ತಿಗೆ ಪೆಟ್ಟಿನಿಂದ 2024ರ ಸೀಸನ್ ಪೂರ್ತಿ ಕೂತಿದ್ದ. ಇಷ್ಟನ್ನಾದರೂ ಬರೆಯಬೇಕಿತ್ತು.

ಆದರೆ ಬಾರ್ಕ್ಲಿ ಮುಗಿದ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹೌದು, ಟೆರೆಲ್ ಡೇವಿಸ್ 1998ರಲ್ಲಿ ಡೆನ್ವರ್ ಪರ 2,008 ಗಜ ಓಡಿ, ಮರುವರ್ಷವೇ ಮಂಡಿ ಮುರಿದುಕೊಂಡ. ಮತ್ತೆ ಮೊದಲಿನ ಹಾಗೆ ಆಡಲಾಗಲಿಲ್ಲ. ಆದರೆ ನೀವೇ ಹೇಳಿದ ಮರ್ರಿಯ ಕತೆಯನ್ನು ಪೂರ್ತಿ ನೋಡಿ. 2014ರಲ್ಲಿ ಡಲ್ಲಾಸ್ ತಂಡದಲ್ಲಿ 392 ಸಲ ಓಡಿ 1,845 ಗಜ ಗಳಿಸಿದ. ಮರುವರ್ಷ ಇದೇ ಫಿಲಡೆಲ್ಫಿಯಾಕ್ಕೆ ಬಂದು 702ಕ್ಕೆ ಇಳಿದ. ದೇಹ ಸವೆಯಿತು ಅಂದರು ಎಲ್ಲರೂ. ಅದೇ ವರ್ಷ ಡಲ್ಲಾಸ್‌ನಲ್ಲಿ ಏನಾಯಿತು ಗೊತ್ತಾ? ಎದುರಾಳಿಗಳನ್ನು ತಡೆಯಲು ಮುಂದೆ ನಿಲ್ಲುವ, ಅವನು ಬಿಟ್ಟುಹೋದ ಅದೇ ಆಟಗಾರರ ಸಾಲಿನ ಹಿಂದೆ ಡ್ಯಾರೆನ್ ಮೆಕ್‌ಫ್ಯಾಡನ್ 1,089 ಗಜ ಓಡಿದ. 2016ರಲ್ಲಿ ಟೆನೆಸ್ಸೀಗೆ ಹೋದ ಮರ್ರಿ ಮತ್ತೆ 1,287 ಗಜ ಓಡಿದ. ಸವೆದ ದೇಹ ಹಾಗೆ ಓಡುತ್ತದಾ? ಅವನು ಕಳೆದುಕೊಂಡದ್ದು ತನ್ನ ಮುಂದೆ ದಾರಿ ಬಿಡಿಸುತ್ತಿದ್ದ ಐದು ಜನರನ್ನು.

ಇದನ್ನು ನನಗೆ ಕಲಿಸಿದವನು ತಂಗಿಯ ಮಗ. ಅವರ ಮನೆಯಲ್ಲಿ ಮೊದಲ ಸಲ ಈ ಆಟ ನೋಡಿದಾಗ ನನಗೆ ಬರೀ ನೂಕುನುಗ್ಗಲು ಕಾಣಿಸಿತ್ತು. ‘ಮಾಮ, ಚೆಂಡು ನೋಡ್ಬೇಡಿ. ಮುಂದೆ ಬಗ್ಗಿ ನಿಂತಿರೋ ಐದು ಜನರನ್ನ ನೋಡಿ’ ಅಂದ. ಒಂದೇ ಓಟವನ್ನು ನಾಲ್ಕು ಸಲ ಹಿಂದೆ ಮಾಡಿ ತೋರಿಸಿದ. ನಾಲ್ಕನೇ ಸಲಕ್ಕೆ ಬಾಗಿಲು ತೆರೆದದ್ದು ಕಾಣಿಸಿತು. ಎಡಗಡೆ ಒಬ್ಬ ಎದುರಾಳಿಯನ್ನು ಪಕ್ಕಕ್ಕೆ ಸರಿಸಿ ಹಿಡಿದಿದ್ದ. ಅವನೇ ಜಾರ್ಡನ್ ಮೈಲಾಟಾ. ಆಸ್ಟ್ರೇಲಿಯಾದಲ್ಲಿ ರಗ್ಬಿ ಆಡುತ್ತಿದ್ದವನು. ಆರಡಿ ಎಂಟಂಗುಲ. 2018ರಲ್ಲಿ ಈಗಲ್ಸ್ ಏಳನೇ ಸುತ್ತಿನಲ್ಲಿ ಆರಿಸಿಕೊಳ್ಳುವವರೆಗೆ ಈ ಆಟದ ಒಂದು ಪಂದ್ಯವನ್ನೂ ಆಡಿರಲಿಲ್ಲ! ಸಾಲಿನ ಕೋಚ್ ಜೆಫ್ ಸ್ಟೌಟ್‌ಲಂಡ್ ಅವನನ್ನು ತಿದ್ದಿ ನಿಲ್ಲಿಸಿದರು.

ಅದಕ್ಕೇ ನನ್ನ ಚಿಂತೆ ಬಾರ್ಕ್ಲಿಯ ವಯಸ್ಸಿನ ಮೇಲಿಲ್ಲ, ಆ ಐದು ಜನರ ಸಾಲಿನ ಮೇಲೆ. ಮೆಕೈ ಬೆಕ್ಟನ್ ತಂಡ ಬಿಟ್ಟಿದ್ದಾನೆ, ಆ ಜಾಗಕ್ಕೆ ಟೈಲರ್ ಸ್ಟೀನ್ ಬರುತ್ತಾನೆ. ಲೇನ್ ಜಾನ್ಸನ್‌ಗೆ 35 ತುಂಬಿತು. ಲ್ಯಾಂಡನ್ ಡಿಕರ್ಸನ್ ಮಂಡಿಗೆ 2025ರ ಈ ಆಗಸ್ಟ್‌ನಲ್ಲೇ ಶಸ್ತ್ರಚಿಕಿತ್ಸೆ ಆಗಿದೆ. ನಿದ್ದೆ ಕೆಡಿಸಿಕೊಳ್ಳುವುದಾದರೆ ಇದಕ್ಕೆ ಕೆಡಿಸಿಕೊಳ್ಳಿ.

ಇನ್ನು ದುಡ್ಡಿನ ಮಾತು. 2018ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಬಾರ್ಕ್ಲಿಯನ್ನು ಇಡೀ ಡ್ರಾಫ್ಟ್‌ನ ಎರಡನೆಯವನಾಗಿ ಆರಿಸಿತು. ಮೊದಲ ವರ್ಷವೇ ಓಡಿದ್ದು, ಎಸೆದ ಚೆಂಡು ಹಿಡಿದದ್ದು ಎರಡೂ ಸೇರಿ 2,028 ಗಜ. 2020ರಲ್ಲಿ ಮಂಡಿಯ ಲಿಗಮೆಂಟ್ ಹರಿಯಿತು. ಎದ್ದು ಬಂದು 2022ರಲ್ಲಿ 1,312 ಗಜ ಓಡಿದ. ಆಮೇಲೂ ದೀರ್ಘ ಒಪ್ಪಂದ ಸಿಗಲಿಲ್ಲ. 2023ರಲ್ಲಿ ಫ್ರಾಂಚೈಸ್ ಟ್ಯಾಗ್ ಹಾಕಿ ಒಂದೇ ವರ್ಷಕ್ಕೆ ಹಿಡಿದಿಟ್ಟರು. ಆ ಜುಲೈನಲ್ಲಿ ಬೇರೆ ಬೇರೆ ತಂಡಗಳ ರನ್ನಿಂಗ್ ಬ್ಯಾಕ್‌ಗಳೆಲ್ಲ ವಿಡಿಯೊ ಕರೆಯಲ್ಲಿ ಸೇರಿ, ನಮಗೇ ಯಾಕೆ ಹೀಗೆ ಅಂತ ಮಾತಾಡಿಕೊಂಡರು. ಮೊದಲ ನಾಲ್ಕೈದು ವರ್ಷ, ಮೈಯಲ್ಲಿ ಕಸುವು ಇದ್ದಾಗ, ಮೊದಲೇ ಗೊತ್ತುಮಾಡಿದ ಸಂಬಳ. ಕೈತುಂಬ ಕೇಳುವ ಹೊತ್ತಿಗೆ ‘ನಿನಗೆ ವಯಸ್ಸಾಯಿತು’ ಅನ್ನುವ ಮಾತು. ಈಗಲ್ಸ್‌ನಲ್ಲಿ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಒಪ್ಪಂದ ವರ್ಷಕ್ಕೆ ಸರಾಸರಿ 5.1 ಕೋಟಿ ಡಾಲರ್. ಅದನ್ನು ದಂಡ ಅಂತ ನೀವು ಬರೆಯಲಿಲ್ಲ. ಬಾರ್ಕ್ಲಿಗೆ ಅದರ ಅರ್ಧವೂ ಇಲ್ಲ.

ಈಗಲ್ಸ್‌ಗೆ ಬಂದ 2024ರಲ್ಲಿ ಅವನು ಕೊಟ್ಟದ್ದೇನು? 2,005 ಗಜ. ಪ್ಲೇಆಫ್ ಸೇರಿಸಿದರೆ 2,504, ಡೇವಿಸ್‌ನ ಅಂಥದೇ ದಾಖಲೆಯನ್ನೂ ದಾಟಿದ ಲೆಕ್ಕ. ಜ್ಯಾಕ್ಸನ್‌ವಿಲ್ ವಿರುದ್ಧ ಎದುರಾಳಿಯ ತಲೆಯ ಮೇಲೆ ಬೆನ್ನು ಮುಂದಾಗಿ ಹಾರಿದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ! ಆದರೆ ನನಗೆ ಅದಕ್ಕಿಂತ ದೊಡ್ಡದು ಇನ್ನೊಂದು. ಎರಿಕ್ ಡಿಕರ್ಸನ್ 1984ರಲ್ಲಿ, ಪ್ಲೇಆಫ್ ಬಿಟ್ಟು, ಮಾಡಿದ 2,105 ಗಜಗಳ ದಾಖಲೆ ಮುರಿಯಲು ಬೇಕಿದ್ದದ್ದು 101 ಗಜ. ಪ್ಲೇಆಫ್‌ಗೆ ಮುಂಚೆ ಉಳಿದದ್ದು ಒಂದೇ ಪಂದ್ಯ, ಅದೂ ತನ್ನನ್ನು ಬಿಟ್ಟುಕೊಟ್ಟ ಜೈಂಟ್ಸ್ ಎದುರು. ಪ್ಲೇಆಫ್‌ಗೆ ಮೈ ಉಳಿಯಲಿ ಅಂತ ತಂಡ ಅವನನ್ನು ಕೂರಿಸಿತು. ಅವನು ಕೂತ. 2025ರ ಫೆಬ್ರವರಿ 9ರಂದು, ತನ್ನ 28ನೇ ಹುಟ್ಟುಹಬ್ಬದ ದಿನ, ಸೂಪರ್ ಬೌಲ್ ಗೆದ್ದ. ಆ ಹುಟ್ಟುಹಬ್ಬವನ್ನೇ ನೀವು ಅವನ ತಪ್ಪು ಮಾಡಿಬಿಟ್ಟಿರಿ.

ನಿಮ್ಮೊಬ್ಬರನ್ನು ಬೈಯುತ್ತಿಲ್ಲ. ಲೋಕವೇ ಹೀಗಾಗಿದೆ. ನಮ್ಮೂರ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ ಒಬ್ಬರಿಗೆ ಬೆನ್ನು ನೋವು ಶುರುವಾದ ವಾರವೇ ಬೇರೆಯವರನ್ನು ಕರೆದರು. ಇಪ್ಪತ್ತು ವರ್ಷ ಹೊತ್ತಿದ್ದನ್ನು ಯಾರೂ ಎಣಿಸಲಿಲ್ಲ. ಆಫೀಸುಗಳಲ್ಲೂ ನಲವತ್ತೈದು ದಾಟಿದವರನ್ನು ನೋಡುವ ಕಣ್ಣು ಬೇರೆ. ಎಷ್ಟು ಉಳಿದಿದೆ ಅಂತ ಮಾತ್ರ ಲೆಕ್ಕ. 2024ರ ಸೀಸನ್‌ನಲ್ಲಿ ಡೆರಿಕ್ ಹೆನ್ರಿ 30ನೇ ವಯಸ್ಸಿನಲ್ಲಿ ಬಾಲ್ಟಿಮೋರ್ ಪರ 1,921 ಗಜ ಓಡಿದ. ಅವನನ್ನೂ ಮುಗಿದವನು ಅಂದಿದ್ದರು, ಅಲ್ವಾ?

2025ರ ಸೆಪ್ಟೆಂಬರ್ 4ರ ಗುರುವಾರ ರಾತ್ರಿ ಡಲ್ಲಾಸ್ ಎದುರು ಮೊದಲ ಪಂದ್ಯ. ನಮಗಿಲ್ಲಿ ಶುಕ್ರವಾರ ಬೆಳಗಿನ 5.50. ನಾನು ಅಲಾರಂ ಇಟ್ಟು ಏಳುತ್ತೇನೆ. ನೀವು ಹತ್ತಿರದಲ್ಲೇ ಇದ್ದೀರಿ. ಮೊದಲ ಓಟಕ್ಕೆ ಬಾರ್ಕ್ಲಿಯನ್ನು ಬಿಡಿ, ಎಡತುದಿಯಲ್ಲಿ ನಿಂತ ಮೈಲಾಟಾನ ಕಾಲು ನೋಡಿ. ಏನು ಕಂಡಿತು ಅಂತ ಬರೆಯಿರಿ. ಆ ಪತ್ರವನ್ನೂ ಅಚ್ಚು ಹಾಕುತ್ತೇನೆ.