ಇಬ್ಬರೂ ಅಳೆದ ನೀರು ಒಂದೇನಾ?

ಪ್ರಶ್ನೆ: ಕರಾವಳಿ ಸಮುದ್ರದ ಬಿಸಿಯನ್ನು ಉಪಗ್ರಹ ಒಂದು ಹೇಳುತ್ತದೆ, ಹಡಗಿನವರು ಇನ್ನೊಂದು ಹೇಳುತ್ತಾರೆ. ಯಾರನ್ನು ನಂಬೋದು?

ಉತ್ತರ: ಅಳೆದ ನೀರೇ ಬೇರೆ ಸ್ವಾಮಿ! ಇನ್‌ಫ್ರಾರೆಡ್ (ಶಾಖದ ಕಿರಣ) ಹಿಡಿಯುವ ಉಪಗ್ರಹಕ್ಕೆ ಕಾಣುವುದು ಕೂದಲಿಗಿಂತ ತೆಳುವಾದ ಮೇಲ್ಪೊರೆ. ಹಡಗಿನವರು ಅಳೆಯುವುದು ಎಂಜಿನ್ ತಂಪಾಗಿಸಲು ಎಳೆದುಕೊಳ್ಳುವ, ಕೆಲವು ಮೀಟರ್ ಕೆಳಗಿನ ನೀರು. ಗಾಳಿಯಿಲ್ಲದ ಬಿಸಿಲು ಮಧ್ಯಾಹ್ನ ಮೇಲ್ಭಾಗ 2-3 ಡಿಗ್ರಿ ಜಾಸ್ತಿ ಇರಬಹುದು.

ಹಡಗಿನಲ್ಲಿದ್ದಾಗ ನಾನು ಬಕೆಟ್‌ನಲ್ಲಿ ನೀರೆತ್ತಿ ಥರ್ಮಾಮೀಟರ್ ಅದ್ದುತ್ತಿದ್ದೆ. ಒಮ್ಮೆ ಸುಮ್ನೆ ಮಾತಾಡುತ್ತಾ ನಿಂತುಬಿಟ್ಟೆ. ಅಷ್ಟರಲ್ಲಿ ಗಾಳಿಗೆ ಬಕೆಟ್ ನೀರು ತಣ್ಣಗಾಗಿ ಲೆಕ್ಕ ಕೆಟ್ಟಿತು. ತಪ್ಪು ಉಪಗ್ರಹದ್ದಲ್ಲ, ನನ್ನದು!

ದಡದ ಹತ್ತಿರ ಇನ್ನೊಂದು ತಂಟೆ: ಉಪಗ್ರಹದ 1 ಕಿಲೋಮೀಟರ್ ಚೌಕದೊಳಗೆ ನೆಲವೂ ಸೇರಿಬಿಡುತ್ತದೆ. ಹಾಗಾಗಿ ಬಿಸಿಲಿನ ಕಾಟವಿಲ್ಲದ, ಮೋಡವೂ ಅಡ್ಡ ಬರದ ರಾತ್ರಿ, ನೆಲ ಸೇರದ ಒಂದೇ ಜಾಗ, ಒಂದೇ ಹೊತ್ತಿನ ಅಳತೆಗಳನ್ನೇ ಹೋಲಿಸುತ್ತೇನೆ. ಆಗಲೂ ಮೇಲ್ಪೊರೆ ಕೆಳಗಿನ ನೀರಿಗಿಂತ ಸುಮಾರು 0.2 ಡಿಗ್ರಿ ತಣ್ಣಗಿರುತ್ತದೆ. ಅಷ್ಟು ವ್ಯತ್ಯಾಸ ಕಂಡರೆ ಇಬ್ಬರೂ ಸರಿ ಅಂತಲೇ ಬರೆದುಕೊಳ್ಳಿ.