ಟೈಮಿಂಗ್ ಬೆಲ್ಟ್ ಸವೆದಿದೆ ಅಂತ ಗೊತ್ತಾಗುವುದು ಹೇಗೆ? ಶಬ್ದ ಬರುವವರೆಗೂ ಕಾಯಬಹುದಾ?

2014ರ ಡೀಸೆಲ್ ಕಾರು, ಸೆಕೆಂಡ್ ಹ್ಯಾಂಡ್, 82,000 ಕಿಲೋಮೀಟರ್, "ಶಬ್ದ ಬಂದಾಗ ನೋಡೋಣ ಬಿಡಿ ಸರ್" ಅನ್ನುವ ಮೆಕ್ಯಾನಿಕ್. ಮುಂದಿನ ತಿಂಗಳು ಮೈಸೂರಿಂದ ಮಡಿಕೇರಿ ಮೇಲೆ ಪುತ್ತೂರಿಗೆ ಹೋಗಬೇಕು ಬೇರೆ. ನಿಮ್ಮ ಪ್ರಶ್ನೆ ಓದುತ್ತಾ ಹೊಟ್ಟೆಯೊಳಗೆ ತಳಮಳ ಶುರುವಾಯಿತು. ನಾನೂ ಅದೇ ದಾರಿಯಲ್ಲಿ ಹೋಗುತ್ತಿದ್ದೆ.

ಮಡಿಕೇರಿ ದಾಟಿ ಸಂಪಾಜೆ ಕಡೆಗೆ ಘಾಟಿ ಇಳಿಯುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಅಮ್ಮ, ಅವರ ತೊಡೆ ಮೇಲೆ ಮದುವೆ ಮನೆಗೆ ಅಂತ ಮಾಡಿದ ಚಕ್ಕುಲಿ ಡಬ್ಬ. ಮೂರನೇ ಗೇರು. ಇದ್ದಕ್ಕಿದ್ದ ಹಾಗೆ ಬಾನೆಟ್ ಒಳಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ಟಕಟಕಟಕ ಅಂತು. ಗಾಬರಿಯಲ್ಲಿ ಕ್ಲಚ್ ಒತ್ತಿದೆ. ಎಂಜಿನ್ ನಿಂತೇ ಹೋಯಿತು. ಸ್ಟೇರಿಂಗ್ ಕಲ್ಲಾಯಿತು. ಬ್ರೇಕ್ ಎರಡು ಸಲ ಹಿಡಿಯಿತು, ಮೂರನೇ ಸಲ ಪೆಡಲ್ ಒಳ್ಳೆ ಹಲಗೆ ತುಳಿದ ಹಾಗೆ. ಎರಡೂ ಕಾಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಹೇಗೋ ಮಣ್ಣಿನ ಅಂಚಿಗೆ ತಂದು ನಿಲ್ಲಿಸಿದೆ. "ಡೀಸೆಲ್ ಹಾಕ್ಸಿರ್ಲಿಲ್ವೇನೋ?" ಅಂದರು ಅಮ್ಮ.

ಕೀ ತಿರುಗಿಸಿದೆ. ಸ್ಟಾರ್ಟರ್ ಸುಯ್ಯಂತ ಹಗುರವಾಗಿ ತಿರುಗಿತು. ಡೀಸೆಲ್ ಎಂಜಿನ್ ತಿರುಗುವಾಗ ಒಂದು ಏದುಸಿರು ಇರುತ್ತಲ್ವಾ, ಅದೇ ಇಲ್ಲ. ಅದು ಬೆಲ್ಟ್ ಹೋದ ಗುರುತು ಅಂತ ಆಗ ಗೊತ್ತಿರಲಿಲ್ಲ. ಏಳೆಂಟು ಸಲ ತಿರುಗಿಸಿದೆ. ದಾರಿಹೋಕರಿಬ್ಬರು ಇಳಿದು ಬಂದು ತಳ್ಳಿಯೂ ಕೊಟ್ಟರು, ಪಾಪ. ನಿಮಗೆ ಯಾವತ್ತಾದರೂ ಹೀಗಾದರೆ ಕೀ ಮುಟ್ಟಬೇಡಿ, ಯಾರನ್ನೂ ತಳ್ಳಲು ಬಿಡಬೇಡಿ. ಒಂದೊಂದು ಸುತ್ತಿಗೂ ಒಳಗೆ ಇನ್ನಷ್ಟು ವಾಲ್ವ್, ಅಂದರೆ ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ಮುಚ್ಚಳ, ಬಾಗಬಹುದು.

ಯಾಕೆ ಅಂದರೆ, ಪಿಸ್ಟನ್‌ಗಳು ತಿರುಗಿಸುವ ದಂಡ ಕ್ರ್ಯಾಂಕ್ ಎರಡು ಸುತ್ತು ಹಾಕುವಾಗ ವಾಲ್ವ್ ತೆರೆಯುವ ದಂಡ ಕ್ಯಾಮ್ ಒಂದೇ ಸುತ್ತು ಹಾಕಬೇಕು. ಆ ಲೆಕ್ಕ ತಪ್ಪದ ಹಾಗೆ ಹಿಡಿದಿಡುವುದು ಹಲ್ಲುಗಳಿರುವ ಈ ರಬ್ಬರ್ ಬೆಲ್ಟ್. ನಿಮಿಷಕ್ಕೆ 2,000 ಸುತ್ತಿನಲ್ಲಿ ಓಡುತ್ತಿದ್ದರೆ ಪ್ರತಿ ವಾಲ್ವೂ ನಿಮಿಷಕ್ಕೆ ಸಾವಿರ ಸಲ ಬಾಯಿ ತೆರೆದು ಮುಚ್ಚುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ವಾಲ್ವ್‌ಗಳು ಕೂತಿರುವ ಮೇಲ್ಭಾಗಕ್ಕೂ (ಹೆಡ್) ಅದಕ್ಕೂ ಮಧ್ಯೆ ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ಜಾಗ. ಬೆಲ್ಟ್ ಕೈಕೊಟ್ಟರೆ ತೆರೆದುಕೊಂಡೇ ನಿಂತ ವಾಲ್ವ್‌ಗೆ ಪಿಸ್ಟನ್ ಗುದ್ದುತ್ತದೆ. ನಾನು ಕೇಳಿದ ಟಕಟಕ ಅದೇ.

ಈಗ ತಮಾಷೆ ಕೇಳಿ. ಆ ಬೆಲ್ಟ್ ಹಳೆಯದಲ್ಲ. ಹದಿನಾಲ್ಕು ತಿಂಗಳ ಹಿಂದೆ ನಾನೇ ನಿಂತು ಹಾಕಿಸಿದ್ದು, 11,000 ಕಿಲೋಮೀಟರ್ ಓಡಿತ್ತು ಅಷ್ಟೆ. ಕಾರಿನ ಹೆಸರು ಬೇಡ, ತಪ್ಪು ಕಾರಿನದ್ದಲ್ಲ, ಮೆಕ್ಯಾನಿಕ್‌ದೂ ಅಲ್ಲ. ಅವತ್ತು ಬೆಲ್ಟ್ ಬಿಚ್ಚಿದ ಮೇಲೆ ಅವರು ಕರೆದು ಹೇಳಿದ್ದರು: "ಸರ್, ವಾಟರ್ ಪಂಪು, ಟೆನ್ಷನರ್ರೂ ಹಾಕ್ಸಿಬಿಡಿ. ಹೆಂಗೂ ಬಿಚ್ಚಿದ್ದೀವಲ್ಲ." ಟೆನ್ಷನರ್ ಅಂದರೆ ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಗಾಲಿ.

"ಪಂಪು ಸೋರ್ತಿದೆಯಾ?"

"ಸದ್ಯಕ್ಕೆ ಇಲ್ಲ."

"ಹಾಗಾದ್ರೆ ಬಿಡಿ, ಸೋರಿದಾಗ ನೋಡೋಣ."

ಉಳಿದದ್ದು 4,200 ರೂಪಾಯಿ. ಆ ದಿನ ಮನೆಗೆ ಬಂದು ಹೆಂಡತಿ ಹತ್ತಿರ ಜಂಬ ಬೇರೆ ಕೊಚ್ಚಿಕೊಂಡಿದ್ದೆ.

ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಬೇಜಾರಾಗಬೇಡಿ. ಎಷ್ಟೋ ಡೀಸೆಲ್ ಎಂಜಿನ್‌ಗಳಲ್ಲಿ, ಎಂಜಿನ್ ತಣಿಸುವ ಕೂಲಂಟನ್ನು ಓಡಾಡಿಸುವ ವಾಟರ್ ಪಂಪನ್ನು ತಿರುಗಿಸುವುದೂ ಇದೇ ಟೈಮಿಂಗ್ ಬೆಲ್ಟ್. ಅದನ್ನು ತಲುಪಬೇಕಾದರೆ ಚಕ್ರ ಬಿಚ್ಚಬೇಕು, ಎಂಜಿನ್ ಕೆಳಗೆ ಜಾಕ್ ಕೊಟ್ಟು ಮೌಂಟಿಂಗ್ ಬಿಚ್ಚಬೇಕು, ಕ್ರ್ಯಾಂಕ್ ಪುಲ್ಲಿ, ಕವರ್, ಎಲ್ಲ ತೆಗೆಯಬೇಕು. ಖರ್ಚಿನಲ್ಲಿ ದೊಡ್ಡ ಪಾಲು ಆ ಲೇಬರ್. ಅದನ್ನು ಆಗಲೇ ಕೊಟ್ಟಾಗಿತ್ತು. ಪಂಪಿನ ಬೇರಿಂಗ್, ಟೆನ್ಷನರ್ ಬೇರಿಂಗ್ ಎರಡಕ್ಕೂ ಹಳೇ ಬೆಲ್ಟಿನಷ್ಟೇ ವಯಸ್ಸು. ಒಳಗಿನ ಗ್ರೀಸ್‌ಗೆ ಮತ್ತೆ ಗ್ರೀಸ್ ತುಂಬಲು ದಾರಿಯಿಲ್ಲ. ಅಂದರೆ ಒಂಬತ್ತು ವರ್ಷದ ಬೇರಿಂಗ್‌ಗೆ ಹೊಸ ಬೆಲ್ಟ್ ಬಿಗಿದು ಓಡಿಸಿದೆ. ಪಂಪು ಮೊದಲು ಸೋರಲು ಶುರುಮಾಡಿತು. ತಿಂಗಳಿಗೊಮ್ಮೆ ಕೂಲಂಟ್ ಕಡಿಮೆಯಾಗುತ್ತಿತ್ತು, ನಾನು ಸುಮ್ನೆ ಮೇಲಿಂದ ತುಂಬಿಸುತ್ತಿದ್ದೆ. ಸೋರಿದಾಗ ನೋಡೋಣ ಅಂದಿದ್ದವನು ಸೋರಿದಾಗ ನೋಡಲಿಲ್ಲ. ಸಂಪಾಜೆ ಘಾಟಿಯಲ್ಲಿ ಪಂಪು ಜಾಮ್ ಆಯಿತು. ಕ್ರ್ಯಾಂಕ್ ನಿಲ್ಲಲಿಲ್ಲ. ಮಧ್ಯೆ ಸಿಕ್ಕ ಬೆಲ್ಟಿನ ಹಲ್ಲುಗಳು ಬುಡಸಮೇತ ಕಿತ್ತು ಬಂದವು.

ಮೈಸೂರಿನ ಶೆಡ್ಡಿನಲ್ಲಿ ಕವರ್ ತೆಗೆದಾಗ ಬೆಲ್ಟ್ ತುಂಡಾಗಿಯೇ ಇರಲಿಲ್ಲ. ಬೆನ್ನ ಮೇಲಿನ ಬಿಳಿ ಅಕ್ಷರ ನೀಟಾಗಿ ಓದಲು ಬರುತ್ತಿತ್ತು. ತಿರುಗಿಸಿ ನೋಡಿದರೆ ಒಂಬತ್ತು ಹಲ್ಲು ಸಾಲಾಗಿ ಇಲ್ಲ, ಬರೀ ನೂಲು. ಮೆಕ್ಯಾನಿಕ್ ಟೆನ್ಷನರ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ಬೆರಳಲ್ಲಿ ತಿರುಗಿಸಿದರೆ ಗರಗರ, ಒಳಗೆ ಮರಳು ತುಂಬಿದ ಹಾಗೆ. "ನಾನ್ ಅವತ್ತೇ ಹೇಳ್ದೆ" ಅಂತ ಅವರು ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿರುತ್ತಿತ್ತು. ಹೆಡ್ ಕೆಲಸ, ವಾಲ್ವು, ಗ್ಯಾಸ್ಕೆಟ್ ಸೇರಿ 46,000. ಟೋಯಿಂಗ್ 8,500. ಚಕ್ಕುಲಿ ಬೇರೆ ಪುಡಿಪುಡಿ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅನ್ನುತ್ತೇನೆ. ಸವೆದ ಬೆಲ್ಟನ್ನು ಕಣ್ಣಿಂದ, ಕಿವಿಯಿಂದ ಹಿಡಿಯುವ ಆಸೆ ಬಿಡಿ. ಮೊದಲ ಬೆಲ್ಟ್, ಒಂಬತ್ತು ವರ್ಷದ್ದು, ಇನ್ನೂ ನನ್ನ ಡಿಕ್ಕಿಯಲ್ಲಿದೆ. ನೋಡಿದರೆ ಹೊಸದು ಅನ್ನುತ್ತೀರಿ. ಹಿಂದಕ್ಕೆ ಮಡಚಿ ಹಿಡಿದರೆ ಮಾತ್ರ ಹಲ್ಲಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಾಣುತ್ತದೆ. ಕಾರಿನ ಮೇಲಿದ್ದಾಗ ಅದು ಯಾರಿಗೆ ಕಾಣಬೇಕು? ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೀಂಯ್ ಅನ್ನುವುದು ಹೊರಗಿನ ಫ್ಯಾನ್ ಬೆಲ್ಟ್. ಟೈಮಿಂಗ್ ಬೆಲ್ಟ್ ಹಲ್ಲಿಗೆ ಹಲ್ಲು ಕೂತು ಓಡುತ್ತದೆ, ಜಾರಿ ಕಿರುಚುವುದಿಲ್ಲ. ಹಳೇ 2.5 ಡೀಸೆಲ್ ಇನ್ನೋವಾದ ಮೀಟರಿನಲ್ಲಿ ಟಿ-ಬೆಲ್ಟ್ ಅಂತ ಒಂದು ದೀಪ ಇದೆ. ಅದೂ ಬೆಲ್ಟನ್ನು ನೋಡುವುದಿಲ್ಲ, ಬರೀ ಕಿಲೋಮೀಟರ್ ಎಣಿಸುತ್ತದೆ.

ಕೂಲಂಟ್ ಇಳಿಯುತ್ತಿದ್ದರೆ, ಬೆಲ್ಟ್ ಕವರ್ ಕೆಳಗೆ ಎಣ್ಣೆ ಜಿಡ್ಡು ಕಂಡರೆ, ಆ ಕಡೆಯಿಂದ ಬೇರಿಂಗ್ ಗೊರಗೊರ ಕೇಳಿದರೆ ತಕ್ಷಣ ಬಿಚ್ಚಿಸಿ. ಎಣ್ಣೆ ಬಿದ್ದರೆ ರಬ್ಬರ್ ಬೇಗ ಹಾಳಾಗುತ್ತದೆ. ಆದರೆ ಇದ್ಯಾವುದೂ ಇಲ್ಲ ಅಂದರೆ ಬೆಲ್ಟ್ ಚೆನ್ನಾಗಿದೆ ಅಂತ ಅರ್ಥ ಅಲ್ಲ.

ಮೊದಲು ನಿಮ್ಮದು ಬೆಲ್ಟೋ ಚೈನೋ ನೋಡಿ. ಸ್ವಿಫ್ಟ್‌ನ 1.3 ಡೀಸೆಲ್‌ಗೆ ಚೈನು, ಡಸ್ಟರ್‌ನ 1.5 ಡೀಸೆಲ್‌ಗೆ ಬೆಲ್ಟು. ಬೆಲ್ಟಾದರೆ ಮ್ಯಾನ್ಯುಯಲ್‌ನಲ್ಲಿ ಕಿಲೋಮೀಟರ್, ವರ್ಷ ಎರಡೂ ಕೊಟ್ಟಿದ್ದರೆ ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ನಿಮ್ಮ 82,000 ನೋಡಿ ನನಗೆ ಅಷ್ಟು ಭಯವಿಲ್ಲ, 2014 ನೋಡಿ ಭಯ. ಹಳೇ ಓನರ್ ಹಾಕಿಸಿದ್ದರಂತೆ ಅನ್ನುವ ಬಾಯಿಮಾತು ಬೇಡ. ಬಿಲ್ ಇಲ್ಲದಿದ್ದರೆ ಹಾಕಿಸಿಲ್ಲ ಅಂತಲೇ ತಿಳಿಯಿರಿ.

ಹಾಕಿಸುವಾಗ ಬೆಲ್ಟು, ಟೆನ್ಷನರ್, ಐಡ್ಲರ್ (ಬೆಲ್ಟಿಗೆ ದಾರಿ ಕೊಡುವ ಗಾಲಿ), ಪಂಪು ಇರುವ ಪೂರ್ತಿ ಕಿಟ್ಟೇ ಹಾಕಿಸಿ. ಪಕ್ಕದಲ್ಲೇ ನಿಂತಿರಿ. ಲಾಕ್ ಪಿನ್ ಬಳಸುವ ಎಂಜಿನ್ ಆಗಿದ್ದು, ಕ್ರ್ಯಾಂಕ್, ಕ್ಯಾಮ್ ಅಲುಗದ ಹಾಗೆ ಹಿಡಿಯುವ ಆ ಪಿನ್ ಹಾಕದೆ ಬರೀ ಸುಣ್ಣದ ಗುರುತು ಇಟ್ಟು ಬಿಚ್ಚುವವರಾದರೆ ಬೇರೆ ಶೆಡ್ ನೋಡಿ. ಬೆಲ್ಟ್ ಕೂರಿಸಿದ ಮೇಲೆ ಪಿನ್ ತೆಗೆದು, ಸ್ಪ್ಯಾನರ್‌ನಲ್ಲಿ ಕ್ರ್ಯಾಂಕನ್ನು ಕೈಯಲ್ಲೇ ಪೂರ್ತಿ ಎರಡು ಸುತ್ತು ತಿರುಗಿಸಿ, ಪಿನ್ ಮತ್ತೆ ಸಲೀಸಾಗಿ ಕೂರುತ್ತದಾ ಅಂತ ನೋಡಬೇಕು. ಆಮೇಲೇ ಕೀ.

ಪುತ್ತೂರಿಗೆ ಹೋಗುವುದರೊಳಗೆ ಇದು ಆಗಲಿಲ್ಲ ಅಂದರೆ ಬಸ್ಸಿನಲ್ಲಿ ಹೋಗಿ ಬನ್ನಿ.